ತಲೆಗೆ ಮೂವತ್ತೊಂಬತ್ತು ರೂಪಾಯಿ

ಬೇರೆ ದೇಶಗಳಿಗೆ ನೆರವು ಎಂದು ಭಾರತ ಸರ್ಕಾರ 2025-26ರ ಬಜೆಟ್ಟಿನಲ್ಲಿ ವಿದೇಶಾಂಗ ಸಚಿವಾಲಯದ ಲೆಕ್ಕದಲ್ಲಿ ಎತ್ತಿಟ್ಟದ್ದು 5,483 ಕೋಟಿ ರೂಪಾಯಿ. 140 ಕೋಟಿ ಜನಕ್ಕೆ ಭಾಗಿಸಿದರೆ ತಲೆಗೆ 39 ರೂಪಾಯಿ ಬೀಳುತ್ತದೆ. ನಮ್ಮ ಕರಾವಳಿಯ ಹೋಟೆಲಿನಲ್ಲಿ ಒಂದು ಪ್ಲೇಟ್ ಬನ್ಸ್ ತಿಂದು ಒಂದು ಚಹಾ ಕುಡಿದರೆ ಮುಗಿಯುವ ದುಡ್ಡು. ಹೆದ್ದಾರಿ ಬದಿಯ ಹೋಟೆಲಾದರೆ ಅಷ್ಟಕ್ಕೂ ಸಾಲದು.

ಇದನ್ನೇ ನಮ್ಮ ಉತ್ತರ ಕನ್ನಡದ ಮೂರು ತಾಲೂಕಿಗೆ ಇಳಿಸಿ ನೋಡೋಣ. 2011ರ ಜನಗಣತಿಯಂತೆ ಭಟ್ಕಳ ತಾಲೂಕಿನಲ್ಲಿ 1.61 ಲಕ್ಷ, ಹೊನ್ನಾವರದಲ್ಲಿ 1.66 ಲಕ್ಷ, ಕುಮಟೆಯಲ್ಲಿ 1.54 ಲಕ್ಷ ಜನ. ಕೂಡಿದರೆ ಹೆಚ್ಚುಕಡಿಮೆ 4.82 ಲಕ್ಷ. ತಲೆಗೆ 39ರಂತೆ ಈ ಮೂರೂ ತಾಲೂಕು ಸೇರಿ ಹೊರದೇಶಗಳಿಗೆ ವರ್ಷಕ್ಕೆ ಕೊಡುವ ಪಾಲು 1 ಕೋಟಿ 88 ಲಕ್ಷ ರೂಪಾಯಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಭಟ್ಕಳದಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್. ಆ ಉದ್ದಕ್ಕೂ ಸಿಗುವ ಒಬ್ಬೊಬ್ಬರನ್ನೂ ನಿಲ್ಲಿಸಿ, ನೀವು 2025-26ರಲ್ಲಿ ಭೂತಾನಕ್ಕೆ ದುಡ್ಡು ಕೊಟ್ಟಿದ್ದೀರಿ, ಗೊತ್ತೇ ಎಂದು ಕೇಳಿ ನೋಡಿ. ಇವನಿಗೆ ಬಿಸಿಲು ತಾಗಿರಬೇಕು ಎಂಬಂತೆ ನೋಡಿ ಮುಂದೆ ಹೋಗುತ್ತಾರೆ.

ಆದರೂ ಕೊಟ್ಟಿದ್ದಾರೆ. 5,483 ಕೋಟಿಯಲ್ಲಿ ಭೂತಾನದ ಪಾಲೇ 2,150 ಕೋಟಿ. ಅಂದರೆ ನಿಮ್ಮ 39 ರೂಪಾಯಿಯಲ್ಲಿ 15 ರೂಪಾಯಿ ಚಿಲ್ಲರೆ ಅಲ್ಲಿಗೆ ಹೋಯಿತು. ನೇಪಾಳಕ್ಕೆ 700 ಕೋಟಿ, ಅಂದರೆ ನಿಮ್ಮಿಂದ 5 ರೂಪಾಯಿ. ಮಾಲ್ಡೀವ್ಸ್‌ಗೆ 4 ರೂಪಾಯಿ 29 ಪೈಸೆ, ಮಾರಿಷಸ್ಸಿಗೆ ಮೂರೂವರೆ, ಮ್ಯಾನ್ಮಾರಿಗೆ ಎರಡೂವರೆ, ಶ್ರೀಲಂಕೆಗೆ 2 ರೂಪಾಯಿ 14 ಪೈಸೆ. ಇಡೀ ಆಫ್ರಿಕಾ ಖಂಡಕ್ಕೆ ನೀವು ಕೊಟ್ಟದ್ದು 1 ರೂಪಾಯಿ 60 ಪೈಸೆ. ಬಾಂಗ್ಲಾದೇಶಕ್ಕೆ 86 ಪೈಸೆ, ಅಫ್ಘಾನಿಸ್ತಾನಕ್ಕೆ 71 ಪೈಸೆ. ಕಡಿಮೆ ಬಡ್ಡಿಯ ಸಾಲ ಬೇರೆ ಲೆಕ್ಕ. ಅದು ವಾಪಸ್ಸು ಬರಬೇಕಾದ ಹಣ, ಇಲ್ಲಿ ಹಿಡಿದಿಲ್ಲ.

ಇಷ್ಟೆಲ್ಲ ಪೈಸೆ ಎಣಿಸಲು ಕಾರಣವಿದೆ. ಹೆಚ್ಚು ಕೊಡುವ ದೇಶಗಳೇ ಹೆಚ್ಚು ಸಂತೋಷದ ದೇಶಗಳು ಎಂಬ ಮಾತು ಕೆಲವು ಕಾಲದಿಂದ ಓಡಾಡುತ್ತಿದೆ. ಪಟ್ಟಿ ಎದುರಿಗಿಟ್ಟುಕೊಂಡರೆ ಅದು ಹೌದೆಂದೇ ಕಾಣುತ್ತದೆ. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದಲ್ಲಿ ಶೇ 0.7ರಷ್ಟನ್ನು ಬಡ ದೇಶಗಳಿಗೆ ಕೊಡಬೇಕೆಂದು ವಿಶ್ವಸಂಸ್ಥೆ 1970ರಲ್ಲಿ ಗುರಿ ಹಾಕಿತು. ದಾನಿ ರಾಷ್ಟ್ರಗಳ ಕೂಟ ಪ್ರಕಟಿಸಿದ 2024ರ ಮೊದಲ ಲೆಕ್ಕದಲ್ಲಿ ಆ ಗೆರೆ ದಾಟಿದ್ದು ನಾಲ್ಕೇ ದೇಶ: ನಾರ್ವೆ ಶೇ 1.02, ಲಕ್ಸೆಂಬರ್ಗ್ 1.00, ಸ್ವೀಡನ್ 0.79, ಡೆನ್ಮಾರ್ಕ್ 0.71. ಈಗ 2025ರ ವಿಶ್ವ ಸಂತೋಷ ವರದಿ ತೆಗೆಯಿರಿ. ಡೆನ್ಮಾರ್ಕ್ 2ನೆಯದು, ಸ್ವೀಡನ್ 4, ನಾರ್ವೆ 7, ಲಕ್ಸೆಂಬರ್ಗ್ 9. ನಾಲ್ಕಕ್ಕೆ ನಾಲ್ಕೂ ಮೊದಲ ಹತ್ತರೊಳಗೆ. ಭಾರತ 147 ದೇಶಗಳಲ್ಲಿ 118ನೆಯದು. ಕೊಡುವುದು ತನ್ನ 357 ಲಕ್ಷ ಕೋಟಿ ರೂಪಾಯಿ ಒಟ್ಟು ಉತ್ಪನ್ನದ ಶೇ 0.015. ಸಾವಿರ ರೂಪಾಯಿ ದುಡಿದವನು 15 ಪೈಸೆ ಕೊಟ್ಟಂತೆ.

ಇಲ್ಲಿಗೇ ನಿಲ್ಲಿಸಿದರೆ ಬರೆಹ ಚೆಂದವಾಗಿ ಮುಗಿಯುತ್ತಿತ್ತು. ಆದರೆ ಅದೇ ಪಟ್ಟಿಯಲ್ಲಿ ಇನ್ನಷ್ಟು ಹೆಸರುಗಳಿವೆ. 2025ಕ್ಕೆ ಸತತ ಎಂಟನೇ ವರ್ಷ ಒಂದನೇ ಜಾಗ ಬಿಡದ ಫಿನ್‌ಲ್ಯಾಂಡ್ ಶೇ 0.7 ಮುಟ್ಟುವುದಿಲ್ಲ. 6ನೇ ಜಾಗದ ಕೋಸ್ಟರಿಕ, 10ನೇ ಜಾಗದ ಮೆಕ್ಸಿಕೊ ಆ ದಾನಿಗಳ ಕೂಟದಲ್ಲೇ ಇಲ್ಲ. ಡಾಲರಿನಲ್ಲಿ ಎಣಿಸಿದರೆ 2024ರಲ್ಲಿ ಎಲ್ಲರಿಗಿಂತ ಹೆಚ್ಚು ಕೊಟ್ಟ ಅಮೆರಿಕ 24ನೇ ಜಾಗದಲ್ಲಿ ಕೂತಿದೆ. ಟರ್ಕಿಯ ಕತೆ ಇನ್ನೂ ವಿಚಿತ್ರ. 2021ರಲ್ಲಿ ಅದರ ನೆರವು ಆದಾಯದ ಶೇ 0.95ರ ಆಸುಪಾಸು, ಸ್ವೀಡನ್ನಿಗೆ ಸರಿಸಮ. 2022ರ ಸಂತೋಷದ ಪಟ್ಟಿಯಲ್ಲಿ ಜಾಗ ಮಾತ್ರ 112. ಆ ನೆರವಿನ ಬಹುಪಾಲು ಸಿರಿಯದಿಂದ ಓಡಿ ಬಂದ ನಿರಾಶ್ರಿತರನ್ನು ತನ್ನ ನೆಲದಲ್ಲೇ ಸಾಕಿದ ಖರ್ಚು ಎಂದು ತಿಳಿದ ಮೇಲೆ ಲೆಕ್ಕದ ಬಣ್ಣವೇ ಬೇರೆಯಾಗುತ್ತದೆ. ದಾನಿಗಳ ಪುಸ್ತಕದಲ್ಲಿ ಇಂಥ ಜಾಣತನ ಬಹುತೇಕ ಎಲ್ಲರದೂ ಇದೆ: 2023ರಲ್ಲಿ ನೆರವು ಎಂದು ಬರೆದುಕೊಂಡ 223 ಬಿಲಿಯನ್ ಡಾಲರಿನಲ್ಲಿ ಶೇ 13.8 ಕೊಟ್ಟವರ ದೇಶದ ಗಡಿ ದಾಟಲೇ ಇಲ್ಲ. ನಿರಾಶ್ರಿತರ ಹೆಸರಿನಲ್ಲಿ ಅಲ್ಲೇ ಖರ್ಚಾಯಿತು.

ಬ್ರಿಟನ್ನಿನ ಅಂಕಿ ಇನ್ನೂ ಮೋಸಗಾರ. 2013ರಲ್ಲಿ ಅದು ಮೊದಲ ಸಲ ಶೇ 0.7 ಮುಟ್ಟಿತು, 2015ರಲ್ಲಿ ಅದನ್ನೇ ಕಾನೂನು ಮಾಡಿಕೊಂಡಿತು, 2021ರಲ್ಲಿ 0.5ಕ್ಕೆ ಇಳಿಸಿತು, 2027ಕ್ಕೆ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಸಂತೋಷದ ಪಟ್ಟಿಯಲ್ಲಿ ಬ್ರಿಟನ್ 2013ರಲ್ಲಿ 22ನೆಯದು, 2020ರಲ್ಲಿ 13, 2025ರಲ್ಲಿ 23. ಕೊಟ್ಟಾಗ ಏರಿತು, ಕೈ ಬಿಗಿ ಹಿಡಿದಾಗ ಇಳಿಯಿತು ಎಂದು ಯಾರಾದರೂ ಭಾಷಣ ಬಿಗಿಯಬಹುದು. ನಡುವೆ ಐರೋಪ್ಯ ಒಕ್ಕೂಟದಿಂದ ಹೊರಬಿದ್ದ ಜಗಳ, ಕೊರೊನಾ, ಅನಿಲದ ಬೆಲೆ ಎಲ್ಲವೂ ಆಗಿಹೋದವು. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸಂಬಂಧ ಕಟ್ಟುವವರು ಇಂಥ ಕಡೆ ಸ್ವಲ್ಪ ತಡೆದು ಮಾತಾಡುವುದು ಒಳ್ಳೆಯದು.

ಸಂತೋಷ ಅಳೆಯುವ ಬಗೆಯನ್ನೂ ಒಮ್ಮೆ ನೋಡಬೇಕು. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲಿರುವ ಏಣಿಯನ್ನು ಮನಸ್ಸಿನಲ್ಲಿ ತಂದುಕೊಳ್ಳಿ, ತುದಿಯಲ್ಲಿ ನಿಮಗೆ ಸಾಧ್ಯವಿರುವ ಅತಿ ಒಳ್ಳೆಯ ಬದುಕು, ಬುಡದಲ್ಲಿ ಅತಿ ಕೆಟ್ಟದ್ದು. ಈಗ ನೀವು ಎಷ್ಟನೇ ಮೆಟ್ಟಿಲಲ್ಲಿದ್ದೀರಿ? ಪ್ರಶ್ನೆ ಇಷ್ಟೇ. ಫಿನ್‌ಲ್ಯಾಂಡಿನವರ ಸರಾಸರಿ ಉತ್ತರ 7.736, ನಮ್ಮದು 4.389. ಸಾಮಾನ್ಯವಾಗಿ ವರ್ಷಕ್ಕೆ ಒಂದು ದೇಶದಲ್ಲಿ ಸಾವಿರದಷ್ಟು ಜನರನ್ನು ಕೇಳುತ್ತಾರೆ, ಮೂರು ವರ್ಷದ ಸರಾಸರಿ ತೆಗೆಯುತ್ತಾರೆ. 140 ಕೋಟಿಗೆ ಸಾವಿರ ಜನವಾದರೆ ನಮ್ಮ ಮೂರು ತಾಲೂಕಿನ ಪಾಲಿಗೆ ಬರುವುದು 0.34 ಮನುಷ್ಯ. ಭಟ್ಕಳ, ಹೊನ್ನಾವರ, ಕುಮಟೆ ಮೂರೂ ಸೇರಿ ಒಬ್ಬ ಮನುಷ್ಯನ ಮೂರರಲ್ಲೊಂದು ಭಾಗ. ಅವನ ಸಂತೋಷವನ್ನು ಏಣಿಯ ಯಾವ ಮೆಟ್ಟಿಲಿಗೆ ಕಟ್ಟುವುದು?

ಹಾಗಾಗಿ ಪಟ್ಟಿಯನ್ನು ಬದಿಗಿಟ್ಟು, ಈ ಕರಾವಳಿಗೆ ನಿಜವಾಗಿ ಬಂದ ಒಂದು ನೆರವನ್ನು ನೋಡುವುದು ಲೇಸು. ಅದರ ದಾನಿ ನಾರ್ವೆ.

1952ರಲ್ಲಿ ನಾರ್ವೆಯ ಸಂಸತ್ತು 1 ಕೋಟಿ ಕ್ರೋನರ್ ತೆಗೆದಿಟ್ಟು ಹಿಂದುಳಿದ ದೇಶಗಳಿಗೊಂದು ನಿಧಿ ಕಟ್ಟಿತು. ಭಾರತದಲ್ಲೇ ಖರ್ಚಾಗಲಿದ್ದ ಅದನ್ನು ಅಲ್ಲಿನವರು ಭಾರತ ನಿಧಿ ಎಂದೇ ಕರೆದರು. ಅದೇ ವರ್ಷ ಅಕ್ಟೋಬರಿನಲ್ಲಿ ದಿಲ್ಲಿಯಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಮೂವರೂ ಕೂಡಿ ಒಪ್ಪಂದಕ್ಕೆ ಸಹಿ ಹಾಕಿದರು. ಇಂಡೋ-ನಾರ್ವೇಜಿಯನ್ ಪ್ರಾಜೆಕ್ಟ್ ಹುಟ್ಟಿದ್ದು ಹೀಗೆ. ಮೊದಲು ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ದೋಣಿಗೆ ಎಂಜಿನ್, ಐಸ್ ಕಾರ್ಖಾನೆ, ಕುಡಿಯುವ ನೀರು, ಆಸ್ಪತ್ರೆ. 1960ರ ದಶಕದ ಮೊದಲಲ್ಲಿ ಯೋಜನೆ ಎರ್ನಾಕುಲಂಗೆ ಸರಿದು ಕಣ್ಣೂರು, ಮಂಡಪಂ ಮತ್ತು ನಮ್ಮ ಕಾರವಾರಕ್ಕೂ ಹಬ್ಬಿತು. 1972ರಲ್ಲಿ ನಾರ್ವೆಯವರು ಎಲ್ಲವನ್ನೂ ಭಾರತ ಸರ್ಕಾರಕ್ಕೆ ಒಪ್ಪಿಸಿ ಹೊರಟರು. ಇಂದು ಆದಾಯದ ಶೇಕಡಾ ಒಂದಕ್ಕಿಂತ ಹೆಚ್ಚು ದಾನ ಮಾಡುವ ದೇಶ ದಾನದ ಕೈಯನ್ನು ಪಳಗಿಸಿಕೊಂಡದ್ದು ಅರಬ್ಬಿ ಸಮುದ್ರದ ಈ ದಂಡೆಯ ಮೇಲೆ.

ಇಲ್ಲಿ ಎರಡು ಇಸವಿ ಗಮನಿಸಬೇಕು. ನಾರ್ವೆಗೆ ಸಮುದ್ರದಡಿ ದೊಡ್ಡ ಎಣ್ಣೆ ನಿಕ್ಷೇಪ ಸಿಕ್ಕಿದ್ದು 1969ರಲ್ಲಿ. ಭಾರತ ನಿಧಿ ಕಟ್ಟಿದ್ದು ಅದಕ್ಕೆ 17 ವರ್ಷ ಮೊದಲು, ಯುದ್ಧದಲ್ಲಿ ಜಜ್ಜಿಹೋಗಿದ್ದ ನಾರ್ವೆ ತಾನೇ ಅಮೆರಿಕದ ಮಾರ್ಷಲ್ ನೆರವು ಪಡೆದು ಮುಗಿಸುವ ಹೊತ್ತಿಗೆ. ಒಂದು ಕೈಯಲ್ಲಿ ಪಡೆದು ಇನ್ನೊಂದು ಕೈಯಲ್ಲಿ ಕೊಟ್ಟ ಕಾಲ ಅದು. ಹೊಟ್ಟೆ ತುಂಬಿದವರು ಕೊಡುತ್ತಾರೆ ಎಂಬ ಸರಳ ವಿವರಣೆ ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ. ಹಾಗೆಂದು ಬರೀ ಕರುಣೆಯೂ ಅಲ್ಲ. 1949ರಲ್ಲಿ ನಾರ್ವೆ ನ್ಯಾಟೋ ಸೇರಿದ್ದು ಆಳುವ ಲೇಬರ್ ಪಕ್ಷದ ಎಡದವರಿಗೆ ಹಿಡಿಸಿರಲಿಲ್ಲ. ಬಂದೂಕಿಗೆ ಖರ್ಚು ಮಾಡುತ್ತಿರುವಾಗ ಅದರ ಜೊತೆಗೆ ಒಂದು ಒಳ್ಳೆಯ ಕೆಲಸವೂ ಇರಲಿ, ಒಡೆದ ಮನಸ್ಸು ಕೂಡಲಿ ಎಂಬ ಲೆಕ್ಕಾಚಾರ ಆ ನಿಧಿಯ ಹಿಂದಿತ್ತೆಂದು ಅಲ್ಲಿನ ಇತಿಹಾಸಕಾರರೇ ಬರೆದಿದ್ದಾರೆ. ಕೊಡುವ ದೇಶದ ಮನಸ್ಸಿಗೆ ಸಮಾಧಾನ ತರಬೇಕೆಂದೇ ಕೊಟ್ಟ ನೆರವು ಎಂದರೆ ಪೂರಾ ತಪ್ಪಾಗದು. ದಾನಕ್ಕೂ ದೇಶದ ಸಂತೋಷಕ್ಕೂ ನಂಟು ಹುಡುಕುವವರಿಗೆ ಇದಕ್ಕಿಂತ ನೇರ ಉದಾಹರಣೆ ನನಗೆ ಕಂಡಿಲ್ಲ.

ಪಡೆದವರ ಸಂತೋಷ? ಅದು ಎರಡು ಬಲೆಗಳ ಕತೆ. ಈ ದಂಡೆಯ ಹಳೆಯ ಬಲೆ ರಂಪಣಿ. ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಅರ್ಧಚಂದ್ರವಾಗಿ ಬಿಟ್ಟು, ಎರಡೂ ತುದಿಯನ್ನು ದಂಡೆಯಿಂದ ಎಳೆಯುವುದು. ಒಂದು ರಂಪಣಿ ಎಳೆಯಲು ಎಂಬತ್ತು-ನೂರು ಜನ ಬೇಕು. ಬಂಗಡೆ, ತಾರ್ಲೆ ಬಿದ್ದ ದಿನ ಬಲೆಯ ಪಾಲು, ದೋಣಿಯ ಪಾಲು, ಎಳೆದವರ ಪಾಲು ಎಂದು ಅಲ್ಲೇ ಮರಳಿನ ಮೇಲೆ ಹಂಚಿಕೆ. ನಾರ್ವೆಯ ಯೋಜನೆ ಇಲ್ಲಿಗೆ ತಂದದ್ದು ಎಂಜಿನ್, ಐಸ್, ದೂರ ಹೋಗುವ ಬೋಟು. ಅದು ಪ್ರಯೋಗ ಮಾಡಿ ನೋಡಿದ ಬಲೆಗಳಲ್ಲಿ ಪರ್ಸೀನ್ ಕೂಡ ಒಂದು. ಯೋಜನೆ ಮುಗಿದ ಕೆಲವೇ ವರ್ಷಕ್ಕೆ, 1970ರ ದಶಕದ ನಡುವಿನಿಂದ, ಪರ್ಸೀನ್ ಬೋಟುಗಳು ಕರ್ನಾಟಕ ಕರಾವಳಿಯಲ್ಲಿ ದಂಧೆಯಾಗಿ ನಿಂತವು. ಮೀನಿನ ಹಿಂಡು ದಂಡೆಗೆ ಬರುವ ಮೊದಲೇ ಆಳದಲ್ಲಿ ಸುತ್ತುವರಿದು ಎತ್ತುವ ಬಲೆ ಅದು. ಬೋಟಿಗೆ ಇಪ್ಪತ್ತು-ಇಪ್ಪತ್ತೈದು ಜನ ಸಾಕು. ಆ ದಶಕ ಮುಗಿಯುವುದರೊಳಗೆ ರಂಪಣಿ ನೆಲ ಕಚ್ಚಿತು.

ನೂರು ಜನರ ಪಾಲು ಇಪ್ಪತ್ತೈದು ಜನರ ಪಾಲಾದಾಗ ಬಂದರಿನ ಒಟ್ಟು ಆದಾಯ ಏರಿದರೂ ಏಣಿಯ ಸರಾಸರಿ ಎತ್ತ ಹೋಗುತ್ತದೆ? ತದಡಿ, ಕಾಸರಕೋಡು, ಭಟ್ಕಳ ಬಂದರುಗಳಲ್ಲಿ ಇವತ್ತು ನಿಂತಿರುವ ಬೋಟುಗಳನ್ನು ನೋಡಿದರೆ ಹಣ ಬಂದದ್ದು ಸುಳ್ಳಲ್ಲ. ಬಲೆ ಎಳೆಯುತ್ತಿದ್ದ ಎಪ್ಪತ್ತೈದು ಜೋಡಿ ಕೈಗಳು ಬೇರೆ ಕೂಲಿ ಹುಡುಕಿದ್ದೂ ಸುಳ್ಳಲ್ಲ. ದೋಷವನ್ನೆಲ್ಲ ನಾರ್ವೆಯ ತಲೆಗೆ ಕಟ್ಟುವುದು ಅನ್ಯಾಯ. ಪರ್ಸೀನಿಗೆ ಸಾಲ ಕೊಟ್ಟವರು, ಹೂಡಿದವರು ನಮ್ಮವರೇ. ಆದರೆ 1 ಕೋಟಿ ಕ್ರೋನರ್ ಕೊಟ್ಟವನ ಮನಸ್ಸಿನ ಹಿಗ್ಗು ಓಸ್ಲೊದಲ್ಲಿ ಉಳಿಯಿತು, ಪಡೆದವನ ಲೆಕ್ಕ ಇನ್ನೂ ಮರಳಿನ ಮೇಲಿದೆ.

ನಾರ್ವೆಯ ನಂತರವೂ ನೆರವು ಬಂತು. 1990ರ ದಶಕದಲ್ಲಿ ಬ್ರಿಟನ್ನಿನ ಹಣದಿಂದ ಪಶ್ಚಿಮ ಘಟ್ಟ ಅರಣ್ಯ ಯೋಜನೆ ಉತ್ತರ ಕನ್ನಡದಲ್ಲಿ ನಡೆಯಿತು. ನಮ್ಮ ಹಳ್ಳಿಗಳ ಗ್ರಾಮ ಅರಣ್ಯ ಸಮಿತಿಗಳು, ಬೇಣದಲ್ಲಿ ನೆಟ್ಟ ಅಕೇಶಿಯಾ ಸಾಲುಗಳು ಆ ಕಾಲದ ಗುರುತು. 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕು ಕರಾವಳಿ ಪಟ್ಟಣಗಳ ನೀರು, ಚರಂಡಿ, ಕಸಕ್ಕೆ 17.5 ಕೋಟಿ ಡಾಲರ್ ಮಂಜೂರು ಮಾಡಿತು. ಆ ಹತ್ತು ಊರುಗಳ ಪಟ್ಟಿಯಲ್ಲಿ ಭಟ್ಕಳವೂ ಇತ್ತು. ಇದು ಸಾಲ, ದಾನವಲ್ಲ. ರಸ್ತೆ ಅಗೆದ ದಿನಗಳನ್ನು ಜನ ನೆನಪಿಟ್ಟುಕೊಳ್ಳುತ್ತಾರೆ, ಬ್ಯಾಂಕಿನ ಹೆಸರನ್ನಲ್ಲ.

ಮತ್ತೆ 39 ರೂಪಾಯಿಗೆ ಬರೋಣ. ನಮಗೇ ಇಲ್ಲದಾಗ ಹೊರಗಿನವರಿಗೆ ಯಾಕೆ ಎಂಬ ಮಾತು ಈ ಜಿಲ್ಲೆಯಲ್ಲಿ ಸುಮ್ಮನೆ ಹುಟ್ಟುವುದಿಲ್ಲ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ದೊಡ್ಡ ಕಾಯಿಲೆ ಎಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾ ಎನ್ನುವ ಜಿಲ್ಲೆ ನಮ್ಮದು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆ ಮಳೆಗಾಲದಲ್ಲಿ ಬೀದಿಗೆ ಬಂತು. ಆದರೆ ಅಂಕಿಯನ್ನು ಅಂಕಿಯಾಗಿಯೇ ನೋಡಬೇಕು. ಮೂರು ತಾಲೂಕಿನ 1.88 ಕೋಟಿಯನ್ನು ಪೂರಾ ಇಲ್ಲೇ ಇಟ್ಟುಕೊಂಡರೂ ಅಂಥ ಆಸ್ಪತ್ರೆಯ ಅಡಿಪಾಯ ಏಳುವುದಿಲ್ಲ. ಆಸ್ಪತ್ರೆ ಬರದಿರುವುದಕ್ಕೆ ಕಾರಣ ಭೂತಾನವಲ್ಲ. ಕೇಂದ್ರದ ಒಟ್ಟು 50.65 ಲಕ್ಷ ಕೋಟಿ ಖರ್ಚಿನಲ್ಲಿ ನೆರವಿನ ಪಾಲು ಶೇ 0.11ರಷ್ಟು.

ಇನ್ನೊಂದು ದಿಕ್ಕಿನಿಂದ ನೋಡಿ. ನಾಳೆ ಭಾರತವೂ ಶೇ 0.7 ಕೊಡುತ್ತೇನೆಂದು ಹೊರಟರೆ ಅದು 2.5 ಲಕ್ಷ ಕೋಟಿ. ತಲೆಗೆ 1,785 ರೂಪಾಯಿ. ನಮ್ಮ ಮೂರು ತಾಲೂಕಿನ ಪಾಲು 86 ಕೋಟಿ. ಆಗ ಹೆದ್ದಾರಿಯಲ್ಲಿ ನಿಲ್ಲಿಸಿ ಕೇಳಿದರೆ ಬಿಸಿಲು ತಾಗಿರಬೇಕು ಎಂದು ಯಾರೂ ಹೋಗುವುದಿಲ್ಲ, ಕಲ್ಲು ಹುಡುಕುತ್ತಾರೆ. ನಾರ್ವೆಯವನೊಬ್ಬ 2023ರಲ್ಲಿ ಕೊಟ್ಟದ್ದು ಸುಮಾರು ಸಾವಿರ ಡಾಲರ್, ಅಂದರೆ 83 ಸಾವಿರ ರೂಪಾಯಿ. ಅವನು ಅದನ್ನು ಕೊಟ್ಟೂ ಏಣಿಯ ಏಳನೇ ಮೆಟ್ಟಿಲು ದಾಟಿ ನಿಂತಿದ್ದಾನೆ. ಕೊಟ್ಟದ್ದಕ್ಕೆ ನಿಂತನೋ, ನಿಂತದ್ದಕ್ಕೆ ಕೊಡಬಲ್ಲನೋ? ಆಸ್ಪತ್ರೆ, ಶಾಲೆ, ಪಿಂಚಣಿಯ ಚಿಂತೆ ಇಲ್ಲದವನಿಗೆ ಕೈ ಸಡಿಲವಾಗುತ್ತದೆ ಎಂಬ ಕಡೆಗೇ ನನ್ನ ಒಲವು. ಕಳೆದುಹೋದ ಪರ್ಸು ವಾಪಸ್ಸು ಬರುತ್ತದೆಂಬ ನಂಬಿಕೆಗೂ ಸಂತೋಷಕ್ಕೂ ಗಟ್ಟಿ ನಂಟಿದೆ ಎಂದು 2025ರ ವರದಿಯೇ ಹೇಳುತ್ತದೆ, ನಾರ್ಡಿಕ್ ದೇಶಗಳು ಅದರಲ್ಲೂ ಮುಂದು. ಪರ್ಸಿನ ವಿಷಯದಲ್ಲಿ ನಂಬಿಕೆ ಇರುವವನಿಗೆ ತೆರಿಗೆಯ ವಿಷಯದಲ್ಲೂ ಇರುತ್ತದೆ.

ಭೂತಾನವನ್ನು ಹಾಗೇ ಬಿಟ್ಟು ಹೋಗಲಾಗದು, ನಮ್ಮ 15 ರೂಪಾಯಿ ಅಲ್ಲಿದೆ. ಸುಮಾರು 7.8 ಲಕ್ಷ ಜನರ ದೇಶ, ಉತ್ತರ ಕನ್ನಡ ಜಿಲ್ಲೆಯ ಅರ್ಧದಷ್ಟು. 2,150 ಕೋಟಿಯನ್ನು ಅವರಿಗೆ ಭಾಗಿಸಿದರೆ ತಲೆಗೆ 27 ಸಾವಿರಕ್ಕೂ ಮೇಲೆ. ಅವರ 13ನೇ ಪಂಚವಾರ್ಷಿಕ ಯೋಜನೆಗೆ 10,000 ಕೋಟಿ ಕೊಡುವುದಾಗಿ ಭಾರತ 2024ರಲ್ಲಿ ಮಾತು ಕೊಟ್ಟಿದೆ. ಹಣದ ಬದಲು ರಾಷ್ಟ್ರೀಯ ಸಂತೋಷವನ್ನೇ ಅಳೆಯಬೇಕೆಂದು 1970ರ ದಶಕದಲ್ಲಿ ಜಗತ್ತಿಗೆ ಹೇಳಿಕೊಟ್ಟ ದೊರೆಯ ದೇಶ ಅದು. 2008ರ ಸಂವಿಧಾನದಲ್ಲೂ ಆ ಮಾತಿದೆ. ಒಂಬತ್ತು ವಲಯ, 33 ಸೂಚಕ ಹಿಡಿದು ಅವರೇ ಮಾಡಿದ ಅಳತೆಯಲ್ಲಿ ಸಂತೋಷದ ಸೂಚ್ಯಂಕ 2010ರಲ್ಲಿ 0.743 ಇದ್ದದ್ದು 2022ಕ್ಕೆ 0.781 ಆಯಿತು. ಆದರೆ ಏಣಿಯ ಪ್ರಶ್ನೆ ಕೇಳಿದಾಗ 2019ರ ವಿಶ್ವ ಪಟ್ಟಿಯಲ್ಲಿ ಅದರ ಜಾಗ 95. ಜಗತ್ತಿಗೆ ಸಂತೋಷದ ಪಾಠ ಹೇಳುವ ದೇಶದ ಅತಿ ದೊಡ್ಡ ದಾನಿ 118ನೇ ಜಾಗದ ನಾವು. ನಾವು 700 ಕೋಟಿ ಕೊಡುವ ನೇಪಾಳವೂ 2025ರ ಪಟ್ಟಿಯಲ್ಲಿ 92ನೆಯದಾಗಿ ನಮಗಿಂತ ಮುಂದಿತ್ತು. ಶ್ರೀಲಂಕಾ ಮಾತ್ರ 133. ಕೊಡುಗೆಯ ಹೊಳೆ ಸಂತೋಷದ ಇಳಿಜಾರನ್ನು ನೋಡಿ ಹರಿಯುವುದಿಲ್ಲ.

ಭಾರತ ಕೊಟ್ಟದ್ದು ಜನರ ಮನಸ್ಸಿಗೆ ತಟ್ಟಿದ ಒಂದು ಸಂದರ್ಭವಿದೆ. 2021ರ ಜನವರಿ 20ರಂದು ಕೊರೊನಾ ಲಸಿಕೆಯ ಮೊದಲ ಕೊಡುಗೆ ಹೊರಟಾಗ ಭೂತಾನಕ್ಕೆ ಹೋದದ್ದು 1.5 ಲಕ್ಷ ಡೋಸ್, ಕುಮಟೆ ತಾಲೂಕಿನ ಜನಸಂಖ್ಯೆಯಷ್ಟು; ಮಾಲ್ಡೀವ್ಸ್‌ಗೆ 1 ಲಕ್ಷ. ಆಗ ಮೊಬೈಲಿನಲ್ಲಿ ಹೆಮ್ಮೆಯ ಸಂದೇಶಗಳ ಸುರಿಮಳೆ. ಏಪ್ರಿಲ್-ಮೇ ತಿಂಗಳಲ್ಲಿ ಎರಡನೇ ಅಲೆ ಬಂದು ನಮ್ಮವರೇ ಲಸಿಕೆಗೆ ಸಾಲು ನಿಂತಾಗ ಅದೇ ಕೊಡುಗೆ ಬೈಗುಳಕ್ಕೆ ತಿರುಗಿತು. 5,483 ಕೋಟಿಯ ಬಗ್ಗೆ ಹಿಗ್ಗೂ ಇಲ್ಲ, ಸಿಟ್ಟೂ ಇಲ್ಲ. ಕಣ್ಣಿಗೆ ಕಂಡ ಸಣ್ಣ ಪೆಟ್ಟಿಗೆಯ ಬಗ್ಗೆ ಎರಡೂ ಇದ್ದವು.

ಮನಶ್ಶಾಸ್ತ್ರದವರ ಅಂಕಿಗಳೂ ಹೆಚ್ಚುಕಡಿಮೆ ಇದೇ ಕಡೆ ಬೊಟ್ಟು ಮಾಡುತ್ತವೆ. 2008ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ 46 ಜನರಿಗೆ ಬೆಳಿಗ್ಗೆ ಲಕೋಟೆ ಕೊಟ್ಟರು. ಕೆಲವರಿಗೆ 5 ಡಾಲರ್, ಕೆಲವರಿಗೆ 20. ಅರ್ಧ ಜನ ಸಂಜೆಯೊಳಗೆ ತಮಗಾಗಿ ಖರ್ಚು ಮಾಡಬೇಕು, ಉಳಿದರ್ಧ ಬೇರೆಯವರಿಗಾಗಿ. ಸಂಜೆ ಕೇಳಿದಾಗ ಬೇರೆಯವರಿಗಾಗಿ ಖರ್ಚು ಮಾಡಿದವರೇ ಹೆಚ್ಚು ಖುಷಿಯಲ್ಲಿದ್ದರು. 5 ಆದರೂ ಅಷ್ಟೇ, 20 ಆದರೂ ಅಷ್ಟೇ. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 136 ದೇಶಗಳ ಸಮೀಕ್ಷೆ ಜಾಲಾಡಿ 120ರಲ್ಲಿ ದಾನಕ್ಕೂ ಸಂತೋಷಕ್ಕೂ ನಂಟು ಕಂಡಿತು. ತೆರಿಗೆಯಾಗಿ ಹೋದದ್ದಕ್ಕೂ ಹೀಗೇನಾ ಎಂಬುದನ್ನು 2007ರಲ್ಲಿ ಅಮೆರಿಕದ ಓರೆಗಾನಿನಲ್ಲಿ 19 ಹೆಂಗಸರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಕೈಗೆ 100 ಡಾಲರ್ ಕೊಟ್ಟು, ಅದರಲ್ಲಿ ಒಂದಷ್ಟನ್ನು ಬಡವರಿಗೆ ಆಹಾರ ಹಂಚುವ ಸಂಸ್ಥೆಗೆ ಬಲವಂತವಾಗಿ ಕಡಿದರೂ ಖುಷಿಯ ಭಾಗ ಮಿನುಗಿತು, ತಾವೇ ಮನಸ್ಸು ಮಾಡಿ ಕೊಟ್ಟಾಗ ಇನ್ನಷ್ಟು. ಆದರೆ ಆ 19 ಮಂದಿಗೆ ಹಣ ಎಲ್ಲಿಗೆ ಹೋಯಿತೆಂಬುದು ಕಣ್ಣೆದುರಿನ ಪರದೆಯ ಮೇಲೆ ಕಾಣುತ್ತಿತ್ತು. ನಮಗೆ ಕಾಣುವುದಿಲ್ಲ. ಬೆಂಕಿಪೊಟ್ಟಣಕ್ಕೆ ಕೊಟ್ಟ ಜಿಎಸ್‌ಟಿಯಲ್ಲಿ ಎಷ್ಟು ಪೈಸೆ ಕಠ್ಮಂಡುವಿಗೆ ಹೋಯಿತೆಂದು ಯಾವ ಬಿಲ್ಲೂ ಹೇಳುವುದಿಲ್ಲ.

ಕೊಡುವುದು ಕಾಣಬೇಕೆಂದರೆ ಭಟ್ಕಳಕ್ಕೆ ಬರಬೇಕು. ದುಬೈ, ಸೌದಿ, ಕುವೈತ್ ಎಂದು ತಲೆಮಾರಿನಿಂದ ಹೊರಗೆ ದುಡಿಯುವ ಊರು. ರಿಸರ್ವ್ ಬ್ಯಾಂಕಿನ ಸಮೀಕ್ಷೆಯಂತೆ 2023-24ರಲ್ಲಿ ಹೊರಗಿನಿಂದ ಭಾರತದ ಮನೆಗಳಿಗೆ ಬಂದದ್ದು 118.7 ಬಿಲಿಯನ್ ಡಾಲರ್, ಅದರಲ್ಲಿ ಕರ್ನಾಟಕದ ಪಾಲು ಶೇ 7.7. ಡಾಲರಿಗೆ 83ರಂತೆ 75 ಸಾವಿರ ಕೋಟಿ ರೂಪಾಯಿಗೂ ಮೇಲೆ. ಇಡೀ ದೇಶದ ವಿದೇಶಿ ನೆರವಿನ ಬಜೆಟ್ಟಿನ ಸುಮಾರು 14 ಪಟ್ಟು ಈ ಒಂದೇ ರಾಜ್ಯದ ಮನೆಗಳಿಗೆ ಬಂತು. ಜಗತ್ತಿನ ಮಟ್ಟದಲ್ಲೂ ಹೀಗೇ: 2023ರಲ್ಲಿ ದುಡಿಯಲು ಹೋದವರು ಬಡ ಮತ್ತು ಮಧ್ಯಮ ದೇಶಗಳ ಮನೆಗಳಿಗೆ ಕಳಿಸಿದ್ದು ಎಲ್ಲ ದಾನಿ ಸರ್ಕಾರಗಳು ಕೊಟ್ಟದ್ದರ ಮೂರು ಪಟ್ಟಿನಷ್ಟು. ಆ ಹಣಕ್ಕೆ ನೆರವು ಎಂದು ಯಾರೂ ಹೆಸರಿಟ್ಟಿಲ್ಲ.

ಆ ದುಡಿಮೆಯಿಂದ ಇನ್ನೊಂದು ಪಾಲು ಬೇರೆಯಾಗುತ್ತದೆ, ಮುಸ್ಲಿಮರ ಕಡ್ಡಾಯ ದಾನವಾದ ಝಕಾತ್. ವರ್ಷವಿಡೀ ಕೈಯಲ್ಲಿ ಉಳಿದ ಸಂಪತ್ತಿನ ನಲವತ್ತರಲ್ಲೊಂದು ಪಾಲು, ಶೇ 2.5. ಹತ್ತು ಲಕ್ಷ ಉಳಿಸಿದವನು 25 ಸಾವಿರ ತೆಗೆದಿಡಬೇಕು. ಯಾರಿಗೆ ಅನ್ವಯ ಎಂಬುದಕ್ಕೆ ಗೆರೆಯೂ ಉಂಟು: 87.48 ಗ್ರಾಂ ಚಿನ್ನದ ಬೆಲೆ ಅಥವಾ 612.36 ಗ್ರಾಂ ಬೆಳ್ಳಿಯ ಬೆಲೆ. 2025ರ ಸುಮಾರಿನ ದರದಂತೆ ಚಿನ್ನ ಗ್ರಾಂಗೆ 9,000, ಬೆಳ್ಳಿ 100 ಎಂದು ಹಿಡಿದರೆ ಮೊದಲನೆಯದು 7.87 ಲಕ್ಷ, ಎರಡನೆಯದು 61 ಸಾವಿರ. ಎರಡರ ನಡುವೆ ಎಷ್ಟೋ ಮನೆಗಳು ಬೀಳುತ್ತವೆ. ಭಟ್ಕಳದ ಮುಸ್ಲಿಮರಾದ ನವಾಯತರು ಪಾಲಿಸುವ ಶಾಫಿ ಪದ್ಧತಿಯಲ್ಲಿ ಹೆಂಗಸರು ಮೈಮೇಲೆ ಹಾಕಿಕೊಳ್ಳುವ ಒಡವೆಗೆ ಝಕಾತ್ ಇಲ್ಲ, ತಿಜೋರಿಯಲ್ಲಿ ಕೂಡಿಟ್ಟದ್ದಕ್ಕೆ ಉಂಟು. ಪ್ರತಿ ರಮಜಾನಿನಲ್ಲೂ ಮನೆಮನೆಯಲ್ಲಿ ನಡೆಯುವ ಲೆಕ್ಕ ಇದು. ಶೇ 0.7 ಆದಾಯದ ಮೇಲಿನದು, ಶೇ 2.5 ಉಳಿಕೆಯ ಮೇಲಿನದು. ಒಂದಕ್ಕೊಂದು ನೇರ ಹೋಲಿಕೆ ಸಲ್ಲದು. ಆದರೆ ಕೊಡುವವನಿಗೆ ತನ್ನ ಅಂಕಿ ಪೈಸೆವರೆಗೂ ಗೊತ್ತು ಎಂಬ ಒಂದು ವ್ಯತ್ಯಾಸ ಸಾಕು. ಊರಿನ ಅಂಜುಮನ್ ವಿದ್ಯಾಸಂಸ್ಥೆ ಶುರುವಾದದ್ದು 1919ರಲ್ಲಿ, ಗಲ್ಫಿನ ಹಣ ಬರುವುದಕ್ಕೆ ಎಷ್ಟೋ ಮೊದಲು. ಕೊಡುವ ರೂಢಿ ಹಣಕ್ಕಿಂತ ಹಳೆಯದು.

ಇದು ಒಂದು ಸಮುದಾಯದ ಸೊತ್ತೂ ಅಲ್ಲ. ಅದೇ ತಾಲೂಕಿನ ಶಿರಾಲಿಯಲ್ಲಿ ಚಿತ್ರಾಪುರ ಮಠವಿದೆ, ಅದರ ಗುರುಪರಂಪರೆ 1708ರಿಂದ. ಮುಂಬಯಿಯಿಂದ ಅಮೆರಿಕದವರೆಗೆ ಹರಡಿರುವ ಚಿತ್ರಾಪುರ ಸಾರಸ್ವತರು ಇಂದಿಗೂ ಮಠಕ್ಕೆ ವಂತಿಗೆ ಸಲ್ಲಿಸುತ್ತಾರೆ. ಕುಮಟೆಯಲ್ಲಿ ಮುಂಬಯಿಯ ಶಸ್ತ್ರವೈದ್ಯ ಡಾ. ಎ.ವಿ. ಬಾಳಿಗರ ಹೆಸರಿನ ಕಾಲೇಜು ನಿಂತಿದೆ. ಊರು ಬಿಟ್ಟವರು ಊರಿಗೆ ಕೊಟ್ಟದ್ದರ ಲೆಕ್ಕ ಈ ದಂಡೆಯಲ್ಲಿ ಕಟ್ಟಡಗಳ ರೂಪದಲ್ಲಿದೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಝಕಾತಲ್ಲ, ಫಿತ್ರಾ. ಈದ್ ನಮಾಜಿಗೆ ಮೊದಲು ಮನೆಯ ಒಬ್ಬೊಬ್ಬರ ಹೆಸರಿನಲ್ಲೂ ಒಂದು ಸಾ ಧಾನ್ಯ ಕೊಡಬೇಕು. ಹಿಂದಿನ ಸಂಜೆ ಸೂರ್ಯ ಮುಳುಗುವ ಮೊದಲು ಹುಟ್ಟಿದ ಕೂಸಿಗೂ. ಸಾ ಎಂದರೆ ಹೆಚ್ಚುಕಡಿಮೆ ಎರಡೂವರೆ ಕೆ.ಜಿ. ಶಾಫಿಗಳಲ್ಲಿ ಊರಿನ ಮುಖ್ಯ ಆಹಾರವನ್ನೇ ಕೊಡುವುದು ಪದ್ಧತಿ, ಇಲ್ಲಿ ಅಕ್ಕಿ. ಆರು ಜನರ ಮನೆಗೆ 15 ಕೆ.ಜಿ. ಸಾವಿರ ಜನರ ಕೇರಿಗೆ 25 ಕ್ವಿಂಟಲ್, 50 ಕೆ.ಜಿ.ಯ 50 ಮೂಟೆ. ಫಿತ್ರಾಕ್ಕೆ ಚಿನ್ನ-ಬೆಳ್ಳಿಯ ಗೆರೆ ಇಲ್ಲ. ಈದಿನ ಆ ಒಂದು ಹಗಲು, ಒಂದು ರಾತ್ರಿಗೆ ತನ್ನ ಮನೆಯ ಊಟ ಕಳೆದು ಮಿಗುವಷ್ಟು ಇದ್ದವನೂ ಕೊಡಬೇಕು. ಹಾಗಾಗಿ ಪಡೆಯುವ ಬಡವನೇ ಕೊಡುವವನೂ ಆಗಿರುತ್ತಾನೆ.

ಅಕ್ಕಿಗೆ ಕೆ.ಜಿ.ಗೆ 50 ರೂಪಾಯಿ ಹಿಡಿಯಿರಿ. ನಾವು ಒಬ್ಬೊಬ್ಬರೂ ಹೊರದೇಶಗಳಿಗೆಲ್ಲ ಸೇರಿ ವರ್ಷಕ್ಕೆ ಕೊಡುವ 39 ರೂಪಾಯಿಗೆ 780 ಗ್ರಾಂ ಬರುತ್ತದೆ. ಭಟ್ಕಳದ ಕೂಲಿಯವನೊಬ್ಬ ತನ್ನ ಕೂಸಿನ ಹೆಸರಿನಲ್ಲಿ ಅಳೆಯುವುದು ಎರಡೂವರೆ ಕೆ.ಜಿ. ಈದಿನ ಹಿಂದಿನ ರಾತ್ರಿ ಅವನ ಮನೆಗೆ ಯಾರದೋ ಚೀಲ ಬರುತ್ತದೆ, ಅವನ ಮನೆಯಿಂದ ಇನ್ನೊಂದು ಚೀಲ ಪಕ್ಕದ ಓಣಿಗೆ ಹೋಗುತ್ತದೆ.